ಸಿಕ್ಕಿಬೀಳದ ಮೌನಗೌರಿ

ಇಡೀ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಪ್ರಶ್ನೆ. ಅದನ್ನು ಕೇಳಿದ್ದು, ಕೆಲಸಕ್ಕೆ ಸೇರಿದಂದಿನಿಂದ ಯಾರ ಮುಂದೆಯೂ ಪೂರ್ತಿ ಒಂದು ವಾಕ್ಯ ಮುಗಿಸದ ಹುಡುಗಿ.

ನೀರು ಸರಬರಾಜು ಕಚೇರಿಯಲ್ಲಿ ಅವಳನ್ನು ಮೌನಗೌರಿ ಎಂದು ಕರೆಯುತ್ತಿದ್ದರು. ಕರೆಯುವ ಪ್ರಸಂಗ ಬಂದಾಗ, ಅಷ್ಟೆ. ಮೂಲೆಯಲ್ಲಿ, ಕಬ್ಬಿಣದ ಕಪಾಟಿನ ಮಗ್ಗುಲಲ್ಲಿ ಅವಳ ಮೇಜು. ಕಪಾಟಿನ ಬಾಗಿಲು ತೆರೆದರೆ ಅವಳು ಪೂರ್ತಿ ಮರೆಯಾಗುತ್ತಿದ್ದಳು. ತೆರೆದವರು ಮುಚ್ಚಲು ಮರೆತು ಹೋದರೆ, ‘ಮುಚ್ಚಿ’ ಎಂದು ಹೇಳಲು ನಾಚಿ ಅರ್ಧ ದಿನ ಅದರ ಹಿಂದೆಯೇ ಕೆಲಸ ಮಾಡಿದ್ದೂ ಉಂಟು.

ಅಂದು ಬೆಳಗಿನ ಸಭೆಯಲ್ಲಿ ಸಾಹೇಬರು ಜಾಲದ ಬಗ್ಗೆ ಮಾತಾಡುತ್ತಿದ್ದರು. ಜಾಲ ಎಂದರೆ ಉಗ್ರರ ಜಾಲ. ಅದಕ್ಕೆ ಹೆಸರಿಲ್ಲ, ಮುಖವಿಲ್ಲ. ಎಲ್ಲೆಲ್ಲೂ ಇದೆ ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತು. ಎರಡು ವರ್ಷದಿಂದ ಊರು ಅದರ ಭಯದಲ್ಲೇ ಮಲಗಿ ಅದರ ಭಯದಲ್ಲೇ ಏಳುತ್ತಿತ್ತು. ಮಕ್ಕಳು ಬೀದಿಯಲ್ಲಿ ಆಡುವುದು ನಿಂತಿತ್ತು. ಪಂಪು ಸುಟ್ಟರೆ ಜಾಲ, ಪೈಪು ಒಡೆದರೆ ಜಾಲ, ಕಚೇರಿಯ ಸಕ್ಕರೆ ಡಬ್ಬಿ ಖಾಲಿಯಾದರೂ ಜಾಲ. ಗೋಡೆಯ ಮೇಲೆ ಎರಡು ಕಣ್ಣುಗಳ ಚಿತ್ರ. ಕೆಳಗೆ ‘ನಿಮ್ಮ ಪಕ್ಕದಲ್ಲೇ ಇರಬಹುದು’ ಎಂಬ ಬರಹ.

“ಇವತ್ತಲ್ಲ ನಾಳೆ ಅವರು ನಮ್ಮ ಕ್ಲೋರಿನ್ ಕೋಣೆಗೆ ಕೈ ಹಾಕ್ತಾರೆ. ಆಮೇಲೆ ಊರಿಗೆ ಊರೇ ಹೆಣ,” ಎಂದರು ಸಾಹೇಬರು.

ಆಗ ಒಂದು ದನಿ ಕೇಳಿಸಿತು. ಅದು ತನ್ನದೇ ಎಂದು ಮೌನಗೌರಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು.

“ಸರ್, ಅವರನ್ನ... ಯಾರಾದ್ರೂ ನೋಡಿದ್ದಾರಾ?”

ಸಾಹೇಬರ ಕನ್ನಡಕ ಮೂಗಿನ ತುದಿಗೆ ಜಾರಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಅವಳಿಗೆ ಗೊತ್ತಿತ್ತು. ಅದಕ್ಕೇ ಇಷ್ಟು ದಿನ ಆಡದೇ ಇದ್ದದ್ದು.

“ನೋಡಿಲ್ಲ ಅಂದ್ರೇನೇ ತಿಳ್ಕೋ, ಅವರು ಎಂಥ ಖದೀಮರು ಅಂತ!” ಎಂದಳು ಬಿಲ್ ಕೌಂಟರಿನ ಹಿರಿಯ ಗುಮಾಸ್ತೆ. ಕಚೇರಿಯ ಸಮಾಚಾರವನ್ನೆಲ್ಲ ಬಿತ್ತರಿಸುವ ಆಕೆಗೆ ರೇಡಿಯೋ ಅಕ್ಕ ಎಂದೇ ಹೆಸರು. “ಗಾಳಿನ ನೋಡಿದೀಯಾ? ಹಾಗಂತ ಗಾಳಿ ಇಲ್ವಾ?”

ಎಲ್ಲರೂ ಹೌದೆಂದು ತಲೆದೂಗಿದರು. ಸಾಹೇಬರು ಮಾತ್ರ ಮೌನಗೌರಿಯನ್ನೇ ನೋಡುತ್ತಿದ್ದರು, ಕಳೆದುಹೋದ ಚಾವಿ ಕಣ್ಣಿಗೆ ಬಿದ್ದವರಂತೆ.

ಸಭೆ ಮುಗಿದದ್ದೇ ಅವಳನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು.

“ನೋಡಮ್ಮ, ಇವತ್ತು ಅಣಕು ಕಾರ್ಯಾಚರಣೆ ಇದೆ. ಒಬ್ಬರು ಉಗ್ರನ ಹಾಗೆ ಒಳಗೆ ನುಗ್ಗಬೇಕು, ಉಳಿದವರು ಹಿಡೀಬೇಕು. ಒಬ್ಬ ಬರ್ತಾನೆ ಅಂತ ಎಲ್ಲರಿಗೂ ಹೇಳಿದೀನಿ. ಯಾರು ಅಂತ ಹೇಳಿಲ್ಲ. ನೀನೇ ಆಗು. ನಂಬಿಕೆ ಇಲ್ಲದವಳಿಗೆ ಬುದ್ಧಿ ಬಂದ ಹಾಗೂ ಆಗತ್ತೆ.” ಒಂದು ಕೈಚೀಲ ಮುಂದಿಟ್ಟರು. ಒಳಗೆ ಇಟ್ಟಿಗೆ, ಇಟ್ಟಿಗೆಯ ಮೇಲೆ ‘ಬಾಂಬ್’ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿ. “ಇದನ್ನ ಕ್ಲೋರಿನ್ ಕೋಣೇಲಿ ಇಡು. ಕೇಂದ್ರ ಕಚೇರಿಯಿಂದ ಯಾರೋ ಗುಟ್ಟಾಗಿ ಬಂದು ನೋಡ್ತಾರಂತೆ. ಮಧ್ಯಾಹ್ನದ ಸೈರನ್ ಒಳಗೆ ನೀನು ಸಿಕ್ಕಿಬಿದ್ರೆ ನಮ್ಮ ಮರ್ಯಾದೆ ಉಳೀತು. ಸಂಜೆ ನಿನ್ನ ಖಾಯಂ ಆದೇಶಕ್ಕೆ ಸಹಿ.”

“ಸಿಕ್ಕಿಬೀಳದಿದ್ರೆ, ಸರ್?”

“ಇಷ್ಟು ಜನರ ನಡುವೆ? ಹುಚ್ಚಿ!” ಸಾಹೇಬರು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಸಿಕ್ಕಿಬೀಳದಿದ್ರೆ ನಾಳೆಯಿಂದ ಬರಬೇಡ,” ಎಂದರು.

ಖಾಯಂ ಎನ್ನುವ ಆ ಪದದ ಮೇಲೆ ಒಂದು ಸಂಸಾರವೇ ನಿಂತಿತ್ತು. ಖಾಯಂ ಆದರೆ ಇದೇ ಊರಿನಲ್ಲಿ, ಹೊಲಿಗೆ ಮಾಡುವ ಅಕ್ಕನ ಜೊತೆ, ಒಂದೇ ಕಿಟಕಿಯ ಆ ಬಾಡಿಗೆ ಕೋಣೆಯಲ್ಲಿ ಬದುಕು. ಇಲ್ಲವಾದರೆ ದೂರದ ಅಣ್ಣನ ಮನೆ, ಅತ್ತಿಗೆಯ ಅಡುಗೆಮನೆಯ ಮೂಲೆ. ಮೌನಗೌರಿ ಮಾತಾಡುವುದು ಜಗತ್ತಿನಲ್ಲಿ ಅಕ್ಕನ ಹತ್ತಿರ ಮಾತ್ರ. ಹೊಲಿಗೆಯಂತ್ರದ ಸದ್ದಿನ ನಡುವೆ ಇವಳು ಹೇಳುತ್ತಾ ಹೋಗುವುದು, ಅಕ್ಕ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಹೂಂಗುಡುವುದು. ಆ ಹೂಂ ಇಲ್ಲದ ಸಂಜೆಯನ್ನು ಅವಳಿಗೆ ಊಹಿಸಲೂ ಆಗುತ್ತಿರಲಿಲ್ಲ.

ಸಿಕ್ಕಿಬೀಳಲೇಬೇಕು ಎಂದು ನಿಶ್ಚಯಿಸಿ ಹಿಂಬಾಗಿಲಿನಿಂದ ಹೊರಗೆ ಹೋಗಿ, ಚೀಲ ಹೊತ್ತು ಮುಂದಿನ ಗೇಟಿಗೆ ಬಂದಳು.

ಗೇಟಿನಲ್ಲಿ ಕಾವಲುಗಾರ ಮೀಸೆ ಮಾಮ ಒಬ್ಬ ಮುದುಕರ ಕೊಡೆಯನ್ನು ಬಿಚ್ಚಿ, ಕಡ್ಡಿ ಕಡ್ಡಿಯಾಗಿ ತಡವುತ್ತಿದ್ದ. ಅವಳು ಹೋಗಿ ಎದುರಿಗೇ ನಿಂತಳು.

“ದಾರಿ ಬಿಡು ತಾಯಿ, ಇವತ್ತು ಉಗ್ರ ಬರ್ತಾನೆ,” ಎಂದ ಮಾಮ.

“ಮಾಮ, ನನ್ನ ಚೀಲ ನೋಡಲ್ವಾ?”

“ನಿನ್ನ ಚೀಲದಲ್ಲಿ ಏನಿರತ್ತೆ? ಊಟದ ಡಬ್ಬಿ.” ಎತ್ತಿ ನೋಡಿದ. “ಅಬ್ಬಬ್ಬಾ, ಏನು ಭಾರ! ಕೈ ಬಿದ್ದುಹೋಗತ್ತೆ, ಕೊಡಿಲ್ಲಿ.” ಬಾಂಬನ್ನು ತಾನೇ ಹೊತ್ತು ಮೆಟ್ಟಿಲಿನವರೆಗೆ ತಂದುಕೊಟ್ಟು, ಓಡಿಹೋಗಿ ಮತ್ತೆ ಕೊಡೆ ಹಿಡಿದ.

ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಬೂದು ಕೋಟಿನ ಒಬ್ಬರು, ನೀರಿನ ಬಿಲ್ಲು ಹಿಡಿದು ಕೂತಿದ್ದರು. ಗಾಬರಿಯಲ್ಲಿ ಅವಳು ಅವರ ಕಾಲು ತುಳಿದಳು. ಅವರು ಕಾಲು ನೋಡಿಕೊಂಡರು, ತುಳಿದವಳನ್ನು ನೋಡಲಿಲ್ಲ.

ಕ್ಲೋರಿನ್ ಕೋಣೆಗೆ ಬೀಗ. ಚಾವಿ ರೇಡಿಯೋ ಅಕ್ಕನ ಸೊಂಟದಲ್ಲಿ. ಮೌನಗೌರಿಗೆ ಜೀವ ಬಂತು. ಚಾವಿ ಕೇಳಿದರೆ ಎಂಥವರಿಗೂ ಅನುಮಾನ ಬಂದೇ ಬರುತ್ತದೆ.

“ಅಕ್ಕಾ, ಕ್ಲೋರಿನ್ ಕೋಣೆ ಚಾವಿ ಬೇಕಿತ್ತು.”

“ತಗೋ. ಬೇಗ ತಂದುಕೊಡು ಮಾರಾಯ್ತಿ, ಆ ಉಗ್ರನ ಕೈಗೆ ಸಿಕ್ಕಿಬಿಟ್ರೆ ಗತಿ ಏನು?”

ಕೋಣೆಯಲ್ಲಿ ಚೀಲ ಇಟ್ಟು, ಬಾಗಿಲು ಅಗಲ ತೆರೆದು, ಕಣ್ಣುರಿಸುವ ಆ ವಾಸನೆಯಲ್ಲಿ ನಿಂತಳು. ಯಾರೂ ಬರಲಿಲ್ಲ. ಕೆಮ್ಮಿದಳು. ಬಕೆಟ್ಟು ಒದ್ದು ಉರುಳಿಸಿದಳು. ಮೇಲಿನಿಂದ ಯಾರೋ “ಥೂ, ಬೆಕ್ಕು!” ಎಂದರು.

ಹೊರಗೆ ನೆರಳು ಕಾಲ ಬುಡಕ್ಕೆ ಬರುತ್ತಿತ್ತು. ಇನ್ನು ನಾಚಿಕೊಂಡು ಕೂತರೆ ಅತ್ತಿಗೆಯ ಅಡುಗೆಮನೆಯೇ ಗತಿ. ಚೀಲ ಎತ್ತಿಕೊಂಡು ನೇರ ಬಿಲ್ ಕೌಂಟರಿಗೆ ಹೋದಳು. ಮೀಸೆ ಮಾಮನೂ ಅಲ್ಲೇ ಇದ್ದ.

“ಅಕ್ಕಾ... ಆ ಉಗ್ರ ನಾನೇ.”

ರೇಡಿಯೋ ಅಕ್ಕ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನೀನಾ! ಸೀನೋಕೂ ರಜಾ ಅರ್ಜಿ ಬರೆಯೋಳು ನೀನು!”

“ಇದು ಅವರ ತಂತ್ರ ಕಣಮ್ಮ,” ಎಂದ ಮೀಸೆ ಮಾಮ ಗಂಭೀರವಾಗಿ. “ಸಾಹೇಬ್ರು ಇವಳನ್ನ ಛೂ ಬಿಟ್ಟಿದ್ದಾರೆ, ನಮ್ಮ ಗಮನ ಈ ಕಡೆ ಇರಲಿ ಅಂತ. ನಿಜವಾದ ಉಗ್ರ ಯಾವತ್ತಾದ್ರೂ ನಾನೇ ಅಂತಾನಾ? ನಾನಲ್ಲ ಅಂತಾನೆ.”

“ಸರಿ ಮಾಮ, ಹಾಗಾದ್ರೆ ನಾನಲ್ಲ.”

“ನೋಡಿದ್ರಾ? ಅವಳೇ ಒಪ್ಕೊಂಡಳು!”

ಅವಳಿಗೆ ಅಳು ಬಂತು. ಚೀಲದಿಂದ ಇಟ್ಟಿಗೆ ತೆಗೆದು ಅವನ ಮುಖಕ್ಕೇ ಹಿಡಿದಳು. ಚೀಟಿ ಯಾವಾಗಲೋ ಕ್ಲೋರಿನ್ ಕೋಣೆಯ ಒದ್ದೆಯಲ್ಲಿ ಕಳಚಿ ಬಿದ್ದಿತ್ತು. ಮೀಸೆ ಮಾಮನ ಮುಖ ಅರಳಿತು. “ಅರೆ, ಗೇಟು ಗಾಳಿಗೆ ಬಡ್ಕೊಳ್ತಿದೆ, ಅಡ್ಡ ಕೊಡೋಕೆ ಒಂದು ಇಟ್ಟಿಗೆ ಇಲ್ಲ ಅಂತಿದ್ದೆ. ಹೊತ್ಕೊಂಡು ಬಂದೆಯಲ್ಲ, ನನ್ನವ್ವ!” ಎಂದು ಅದನ್ನು ಕಸಿದುಕೊಂಡು ಹೊರಟೇಬಿಟ್ಟ.

ಈಗ ಅವಳ ಕೈಯಲ್ಲಿ ಖಾಲಿ ಚೀಲ ಮಾತ್ರ ಉಳಿಯಿತು. ಲೋಕದಲ್ಲಿ ತಾನಿದ್ದೇನೆಂದು ತೋರಿಸಲು ಒಂದು ಇಟ್ಟಿಗೆಯಾದರೂ ಇತ್ತು, ಅದೂ ಹೋಯಿತು.

ಅಷ್ಟರಲ್ಲಿ ರೇಡಿಯೋ ಅಕ್ಕನ ಕಿರುಚಾಟ. “ಅಲ್ಲಿ! ಅಲ್ಲಿ!” ಬೂದು ಕೋಟಿನವರು ಬೆಂಚಿನಿಂದೆದ್ದು ಕ್ಲೋರಿನ್ ಕೋಣೆಯ ಕಿಟಕಿಯಲ್ಲಿ ಇಣುಕುತ್ತಿದ್ದರು. ಕಚೇರಿಯೇ ಅವರ ಮೇಲೆ ಬಿತ್ತು. ಕಡತ ಕಟ್ಟುವ ಲಾಡಿಯಿಂದ ಅವರನ್ನು ಕುರ್ಚಿಗೆ ಬಿಗಿದರು. ಬಾಯಿಗೆ ಮೀಸೆ ಮಾಮನ ಕರವಸ್ತ್ರ ತುರುಕಿದರು. ಅದೇ ಹೊತ್ತಿಗೆ ಸೈರನ್ ಮೊಳಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಾಹೇಬರು ಇಳಿದು ಬಂದು, ಕಟ್ಟಿಹಾಕಿದವರನ್ನು ನೋಡಿ ಬಿಳಿಚಿಕೊಂಡರು.

“ಇವನಲ್ಲ,” ಎಂದರು. “ನಾನು ಕಳಿಸಿದ್ದು ಇವನನ್ನಲ್ಲ.”

ಚಪ್ಪಾಳೆ ನಿಂತಿತು. ಒಬ್ಬೊಬ್ಬರೇ ಹಿಂದೆ ಸರಿದರು. ಅಣಕಿನವನು ಇವನಲ್ಲವಾದರೆ, ಇವನು ನಿಜದವನು. ರೇಡಿಯೋ ಅಕ್ಕ ಬಾಗಿಲತ್ತ ನೋಡುತ್ತಾ, “ನನ್ನ ಮಗ ಸ್ಕೂಲಿಂದ ಬರೋ ಹೊತ್ತು,” ಎಂದಳು. ಆಕೆಯ ದನಿ ಅಷ್ಟು ಸಣ್ಣದಾದದ್ದನ್ನು ಯಾರೂ ಕೇಳಿರಲಿಲ್ಲ. ಮೌನಗೌರಿ ಖಾಲಿ ಬೆಂಚಿನತ್ತ ತಿರುಗಿ ನೋಡಿದಳು. ಹಾಗಾದರೆ ಜಾಲ ಇದೆಯೇ? ಬೆಳಗಿನಿಂದ ತನ್ನೆದುರಿಗೇ ಬೆಂಚಿನ ಮೇಲೆ ಕೂತಿತ್ತೇ?

ಕುರ್ಚಿಯಲ್ಲಿದ್ದವರು ಬರಿ ಕಣ್ಣಿನಲ್ಲೇ ತಮ್ಮ ಕೋಟಿನ ಜೇಬು ತೋರಿಸುತ್ತಿದ್ದರು. ಯಾರಿಗೂ ಮುಟ್ಟುವ ಧೈರ್ಯವಿಲ್ಲ. ಕೊನೆಗೆ ಮೌನಗೌರಿಯೇ ಕೈ ಹಾಕಿ ಗುರುತಿನ ಚೀಟಿ ತೆಗೆದಳು. ಸಾಹೇಬರು ಅದನ್ನು ಓದಿ, ಪಕ್ಕದ ಕುರ್ಚಿಯಲ್ಲಿ ತಾವೂ ಕೂತರು. ಅವರನ್ನು ಯಾರೂ ಕಟ್ಟಬೇಕಾಗಿರಲಿಲ್ಲ. ಗುಟ್ಟಾಗಿ ನೋಡಲು ಕೇಂದ್ರ ಕಚೇರಿಯಿಂದ ಬಂದ ಅಧಿಕಾರಿ ಆ ಬೂದು ಕೋಟಿನವರೇ.

ಕಟ್ಟು ಬಿಚ್ಚಿ ಅಧಿಕಾರಿಯನ್ನು ತಮ್ಮ ಕೋಣೆಗೆ ಕರೆದೊಯ್ದ ಸಾಹೇಬರು, ಹಿಂದೆ ಬಂದ ಮೌನಗೌರಿಯತ್ತ ಬೆರಳು ಮಾಡಿದರು. “ಎಲ್ಲ ಇವಳಿಂದ ಸರ್. ಇವಳು ಸರಿಯಾಗಿ ಉಗ್ರಳಾಗಲಿಲ್ಲ!”

ಅಧಿಕಾರಿ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಮೌನಗೌರಿಯತ್ತ ತಿರುಗಿದರು. “ನನ್ನ ಮುಂದೆ ನೀವು ಓಡಾಡಿದಿರಾ?”

“ತುಂಬಾ ಸಲ ಸರ್. ಒಂದು ಸಲ ನಿಮ್ಮ ಕಾಲು ತುಳಿದೆ.”

“ಅದು ನೀವಾ!” ಅವರು ಬಹಳ ಹೊತ್ತು ಅವಳನ್ನೇ ನೋಡಿದರು. ಆ ಕಟ್ಟಡದಲ್ಲಿ ಯಾರೂ ಅವಳನ್ನು ಅಷ್ಟು ಹೊತ್ತು ನೋಡಿದ್ದಿಲ್ಲ. “ಊರೂರಲ್ಲಿ ಈ ಪರೀಕ್ಷೆ ಮಾಡ್ತೀವಿ. ನಮ್ಮ ಹುಡುಗರು ಎದೆ ಉಬ್ಬಿಸ್ಕೊಂಡು ಹೋಗಿ ಗೇಟಲ್ಲೇ ಸಿಕ್ಕಿಬೀಳ್ತಾರೆ. ನಿಮ್ಮಂಥವರು ನಮಗೆ ಸಿಕ್ಕಿರಲಿಲ್ಲ. ಇವತ್ತೇ ನಿಮ್ಮನ್ನ ಖಾಯಂ ಮಾಡ್ತೀನಿ.”

ಅವಳ ಕಣ್ಣು ತುಂಬಿತು. “ಇದೇ ಊರಲ್ಲಾ ಸರ್?”

“ಇಲ್ಲಿ ಹೇಗಾಗತ್ತೆ? ಇಲ್ಲಿ ಇನ್ನು ಎಲ್ಲರೂ ನಿಮ್ಮನ್ನ ಗುರುತು ಹಿಡೀತಾರಲ್ಲ. ನಾಳೆಯಿಂದ ನಮ್ಮ ವಿಭಾಗ. ಒಂದೊಂದು ವಾರ ಒಂದೊಂದು ಊರು.”

“ಬೇಡ ಅಂದ್ರೆ?”

ಅಧಿಕಾರಿ ಸಾಹೇಬರನ್ನು ನೋಡಿದರು. ಸಾಹೇಬರು ಕಿಟಕಿಯ ಹೊರಗೆ ನೋಡುತ್ತಾ, “ಸೈರನ್ ಆಗಿಹೋಯ್ತಲ್ಲ, ಇವಳು ಸಿಕ್ಕಿಬೀಳಲೇ ಇಲ್ಲ,” ಎಂದರು.

ಬೆಳಿಗ್ಗೆ ಹೊರಬಿದ್ದ ದನಿ ಇನ್ನೂ ಪೂರ್ತಿ ಒಳಗೆ ಹೋಗಿರಲಿಲ್ಲ. ಬಾಗಿಲ ಬಳಿ ನಿಂತು ಕೇಳಿದಳು: “ಸರ್, ಆ ಜಾಲ ನಿಜವಾಗ್ಲೂ ಇದೆಯಾ?”

ಅಧಿಕಾರಿಯ ಮುಖದಲ್ಲಿ ಇದ್ದಕ್ಕಿದ್ದಂತೆ ತುಂಬ ದಣಿವು ಕಾಣಿಸಿತು. “ಇದೆ ಅಂತ ಹೇಳೋಕೆ ನನಗೆ ಸಂಬಳ ಕೊಡ್ತಾರಮ್ಮ. ಇಲ್ಲ ಅಂತ ಹೇಳೋ ಅಧಿಕಾರ ಯಾರಿಗೂ ಕೊಟ್ಟಿಲ್ಲ.”

ಸಂಜೆ ಗೇಟಿನಲ್ಲಿ ಮೀಸೆ ಮಾಮ ಮೊದಲ ಸಲ ಅವಳ ಚೀಲ ತೆರೆದು ನೋಡಿದ. ತಾಯಿ ಎನ್ನಲಿಲ್ಲ. ಇಟ್ಟಿಗೆ ಗೇಟಿಗೆ ಅಡ್ಡವಾಗಿ ಬಿದ್ದಿತ್ತು.

ಮನೆಯಲ್ಲಿ ಅಕ್ಕ ಯಂತ್ರ ನಿಲ್ಲಿಸಿ, ಬಾಯಿಂದ ಸೂಜಿ ತೆಗೆದಳು. “ಖಾಯಂ ಆಯ್ತೇನೇ ಪುಟ್ಟಿ?”

“ಆಯ್ತು ಅಕ್ಕ.”

ತಂಗಿ ಮಂಚದಡಿಯಿಂದ ಪೆಟ್ಟಿಗೆ ಎಳೆಯುವುದನ್ನು ಕಂಡ ಮೇಲೆ ಅಕ್ಕ ಮುಂದಿನದನ್ನೆಲ್ಲ ಕೇಳಿ ತಿಳಿದುಕೊಂಡಳು. ಬಹಳ ಹೊತ್ತು ಹೂಂ ಕೂಡ ಅನ್ನಲಿಲ್ಲ. ಆಮೇಲೆ, “ನೀನೇ ತಾನೇ ಹೇಳ್ತಿದ್ದದ್ದು, ಜಾಲ ಅಂತೇನೂ ಇರಲಾರದು ಅಂತ. ಈಗ ಹೇಳು, ಇದೆಯಾ ಇಲ್ವಾ?” ಎಂದಳು.

“ಇದೆ ಅಕ್ಕ,” ಎಂದಳು ಮೌನಗೌರಿ, ಸೀರೆ ಮಡಿಸುತ್ತಾ. “ನಾಳೆಯಿಂದ.”

ಕತ್ತಲಾಗುತ್ತಿತ್ತು. ಎರಡು ವರ್ಷದ ರೂಢಿಯಂತೆ ಅಕ್ಕ ಎದ್ದು ಹೋಗಿ, ಜಾಲದವರು ಒಳಗೆ ಬಾರದಿರಲೆಂದು ಬಾಗಿಲಿಗೆ ಮೇಲಿನ ಚಿಲಕವನ್ನೂ ಕೆಳಗಿನ ಚಿಲಕವನ್ನೂ ಹಾಕಿ, ಒಮ್ಮೆ ಎಳೆದು ನೋಡಿ, ಬಂದು ತಂಗಿಯ ಪೆಟ್ಟಿಗೆ ತುಂಬಲು ಕೂತಳು.