ಚಿಕ್ಕಪ್ಪನ ಸರಬರಾಜು ಶಾಸ್ತ್ರ

ನಮ್ಮ ಚಿಕ್ಕಪ್ಪನನ್ನು ಕಂಡರೆ ತೊಗರಿಬೇಳೆ ಕೂಡ ಅಟೆನ್ಷನ್ನಿನಲ್ಲಿ ನಿಲ್ಲುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ! ತೊಂಬತ್ತರ ದಶಕದಲ್ಲಿ ಪಾಂಡವಪುರದ ಅವರ ಅಂಗಡಿಗೆ ಹೋಗಿ ಕಾಲು ಕೆಜಿ ಬೇಳೆ ಕೇಳಿದವರು ಯಾರಾದರೂ ಸಿಕ್ಕರೆ ಅವರನ್ನೇ ವಿಚಾರಿಸಿ. ಬೇಳೆಯ ಮಾತು ಹಾಗಿರಲಿ, ಗಿರಾಕಿಗಳೇ ಅಟೆನ್ಷನ್ನಿನಲ್ಲಿ ನಿಂತಿರುತ್ತಿದ್ದರು.

ಚಿಕ್ಕಪ್ಪ ಇಪ್ಪತ್ತೆರಡು ವರ್ಷ ಮಿಲಿಟರಿಯಲ್ಲಿದ್ದರು. ಮಿಲಿಟರಿ ಎಂದ ಕೂಡಲೇ ಬಂದೂಕು, ಟ್ಯಾಂಕು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಅವರಿದ್ದದ್ದು ಸರಬರಾಜು ವಿಭಾಗದಲ್ಲಿ. ಹಿಮದ ಗುಡ್ಡದ ಮೇಲೆ ಕೂತ ಸಿಪಾಯಿಗಳಿಗೆ ಹಿಟ್ಟು, ಬೇಳೆ, ಸೀಮೆಎಣ್ಣೆ ಮುಟ್ಟಿಸುವುದು ಅವರ ಕೆಲಸ. "ಗುಂಡು ಹಾರ್ಸೋನು ಒಬ್ಬ ಕಣ್ಲಾ, ಅವನ ಹೊಟ್ಟೆಗೆ ಆಲೂಗಡ್ಡೆ ಹೊರೋರು ಹತ್ತಾರು ಜನ. ಆಲೂಗಡ್ಡೆ ನಿಂತೋದ್ರೆ ಯುದ್ಧಾನೇ ನಿಂತೋದಂಗೆ!" ಎಂದು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಅವರು ಅಲ್ಲಿದ್ದಷ್ಟು ಕಾಲವೂ ಇಲ್ಲಿ ದಿನಸಿ ಅಂಗಡಿ ನಡೆಸಿದವರು ನಮ್ಮ ಚಿಕ್ಕಮ್ಮ. ಒಂದು ತಕ್ಕಡಿ, ಒಂದು ಮೊರ, ಮಿಕ್ಕಿದ್ದೆಲ್ಲ ತಲೆಯೊಳಗೆ. ಉಪ್ಪಿನ ಮೂಟೆಯ ಹಿಂದೆ ಸೋಪು, ಸೋಪಿನ ಪೆಟ್ಟಿಗೆಯ ಮೇಲೆ ಮಲಗಿದ ಬೆಕ್ಕು, ಬೆಕ್ಕನ್ನು ಎಬ್ಬಿಸಿದರೆ ಅದರಡಿಯಲ್ಲಿ ಮೇಣದಬತ್ತಿ. ಅವರು ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ತೆಗೆದುಕೊಡುತ್ತಿದ್ದರು. ಪಿಂಚಣಿ ಪಡೆದು ಬಂದ ಚಿಕ್ಕಪ್ಪ ಮೊದಲ ದಿನವೇ ಕೈ ಹಿಂದೆ ಕಟ್ಟಿಕೊಂಡು ಅಂಗಡಿಯನ್ನು ಎರಡು ಸುತ್ತು ಹಾಕಿದರು. ಬೆಕ್ಕನ್ನೂ ತಪಾಸಣೆ ಮಾಡಿದರು. ಆಮೇಲೆ ತೀರ್ಪು ಕೊಟ್ಟರು: "ಇದು ಅಂಗಡಿ ಅಲ್ಲ. ಸೋತು ಓಡೋದವರು ಬುಟ್ಟೋದ ಪಾಳೆಯ!"

ಮಾರನೆಯ ದಿನವೇ ಸುಧಾರಣೆ ಶುರು. ಮೂಟೆಗಳೆಲ್ಲ ಸಾಲಾಗಿ ನಿಂತವು. ನಾಳೆ ಬೇಕಾದ ಸಾಮಾನಿಗೆ ಇಂದು ಸಂಜೆ ನಾಲ್ಕರೊಳಗೆ ಚೀಟಿ ಬರೆದು ಕೊಡಬೇಕು ಎಂಬ ಬೋರ್ಡು ನೇತುಬಿತ್ತು. ಆ ಚೀಟಿಗೆ ಇಂಡೆಂಟ್ ಎಂದು ಹೆಸರು. ಇಂಡೆಂಟ್ ಇಲ್ಲದೆ ಒಂದು ಕಡ್ಡಿಯೂ ಅಲುಗುವಂತಿಲ್ಲ. ಮೊದಲು ಸಿಕ್ಕಿಬಿದ್ದವಳು ಹೊಗೆಸೊಪ್ಪಿಗೆ ಬಂದ ಎದುರುಮನೆಯ ಅಜ್ಜಿ.

"ನಾಳೆ ಬೇಕಾದ್ದನ್ನ ಇವತ್ತೇ ಬರ್ಕೊಡ್ಬೇಕು ಅಜ್ಜಿ."

"ನಾಳೆ ನಾನಿರ್ತೀನೋ ಇಲ್ವೋ ಆ ಸಿವನಿಗೇ ಗೊತ್ತಿಲ್ಲ, ನಿಂಗೆಂಗೆ ಬರ್ಕೊಡ್ಲಿ? ಸುಮ್ಕೆ ಒಂದೆಳೆ ಹೊಗೆಸೊಪ್ಪು ಕೊಡ್ಲಾ!"

ಚಿಕ್ಕಪ್ಪ ಸೋಲುವ ಜಾತಿಯೇ? ತಾವೇ ಚೀಟಿ ಬರೆದು, ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು, ಹಿಂದಿನ ದಿನದ ತಾರೀಕು ಹಾಕಿ ಹೊಗೆಸೊಪ್ಪು ಕೊಟ್ಟರು. ಆಸ್ತಿಯನ್ನೇನಾದರೂ ಬರೆಸಿಕೊಂಡನೋ ಎಂದು ಅಜ್ಜಿ ಒಂದು ವಾರ ಕಂಗಾಲಾಗಿದ್ದಳು.

ಎರಡನೆಯ ಸುಧಾರಣೆ ನನ್ನ ತಲೆಯ ಮೇಲೇ ಬಿತ್ತು, ಸರಿಯಾಗಿ ಹೇಳಬೇಕೆಂದರೆ ಮಂಚದ ಕೆಳಗೆ. ದಾಸ್ತಾನನ್ನೆಲ್ಲ ಒಂದೇ ಕಡೆ ಇಡಬಾರದು, ಒಂದು ಬಾಂಬು ಬಿದ್ದರೆ ಎಲ್ಲವೂ ಹೋಗುತ್ತದೆ ಎಂಬುದು ಚಿಕ್ಕಪ್ಪನ ಸಿದ್ಧಾಂತ. "ಪಾಂಡವಪುರಕ್ಕೆ ಯಾರು ಚಿಕ್ಕಪ್ಪ ಬಾಂಬ್ ಹಾಕೋದು?" ಎಂದು ಕೇಳಿದೆ. "ಶತ್ರು ನಿಂಗೆ ಹೇಳ್ಬುಟ್ಟು ಬತ್ತಾನೇನ್ಲಾ?" ಎಂದರು. ನಾನು ಆಗ ಶ್ರೀರಂಗಪಟ್ಟಣದಲ್ಲಿ ಮೇಷ್ಟ್ರಾಗಿದ್ದೆ, ಗಂಜಾಂನಲ್ಲಿ ಬಾಡಿಗೆ ಮನೆ. ಒಂದು ಭಾನುವಾರ ನಮ್ಮ ಮನೆಯನ್ನು ಡಿಪೋ ಎಂದು ಘೋಷಿಸಿ ಮಂಚದಡಿಗೆ ಎರಡು ಮೂಟೆ ಒಣಮೆಣಸಿನಕಾಯಿ, ಒಂದು ಪೆಟ್ಟಿಗೆ ಬೆಂಕಿಪೊಟ್ಟಣ ತಳ್ಳಿ ಹೋದರು. ನನ್ನ ಹೆಂಡತಿ ಸೀನುತ್ತಲೇ ಮುದ್ದೆ ತೊಳಸಿದಳು, ಸೀನುತ್ತಲೇ ನನ್ನನ್ನು ಬೈದಳು. ಆದರೆ ಸತ್ಯ ಹೇಳಬೇಕು. ಗಂಜಾಂನ ನಿಮಿಷಾಂಬ ದೇವಿಯ ದರ್ಶನಕ್ಕೆ ಬಂದು ಹಾಗೇ ನಮ್ಮಲ್ಲಿ ನಾಲ್ಕು ದಿನ ಠಿಕಾಣಿ ಹೂಡುವ ನೆಂಟರೆಲ್ಲ ಆ ಮಂಚದ ಮೇಲೆ ಐದು ನಿಮಿಷ ಕೂತು, ಕಣ್ಣೊರೆಸಿಕೊಂಡು ಬಸ್ಸು ಹಿಡಿಯತೊಡಗಿದರು. ಈ ಉಪಕಾರವನ್ನು ನಾನು ಇಂದಿಗೂ ಮರೆತಿಲ್ಲ.

ಕಷ್ಟವಾದದ್ದು ಗಿರಾಕಿಗಳಿಗೆ. ಪಾಂಡವಪುರದ ಅಂಗಡಿಯಲ್ಲಿ ಒಬ್ಬ ಬೀಡಿ ಬಾಯಲ್ಲಿಟ್ಟುಕೊಂಡು ಬೆಂಕಿಪೊಟ್ಟಣ ಕೇಳಿದ. "ಒಂದ್ನಿಮಿಷ" ಎಂದ ಚಿಕ್ಕಪ್ಪ ಮೊಪೆಡ್ ಹತ್ತಿ ಗಂಜಾಂಗೆ ಬಂದರು, ಮಂಚದಡಿಗೆ ನುಗ್ಗಿದರು, ಒಂದೇ ಒಂದು ಬೆಂಕಿಪೊಟ್ಟಣ ತೆಗೆದುಕೊಂಡು ವಾಪಸು ಹೊರಟರು. ಒಂದು ಗಂಟೆಯ ಮೇಲೆ ಅಂಗಡಿ ತಲುಪಿದರೆ, ಆ ಪುಣ್ಯಾತ್ಮ ಪಕ್ಕದ ಅಂಗಡಿಯಲ್ಲಿ ಬೀಡಿ ಹಚ್ಚಿಕೊಂಡು, ಮನೆಗೆ ಹೋಗಿ, ಊಟ ಮಾಡಿ ಮಲಗಿದ್ದ!

ಇಷ್ಟಕ್ಕೇ ನಿಂತಿದ್ದರೆ ಅಂಗಡಿಗೆ ಅಪಾಯವಿರಲಿಲ್ಲ. ಮೂರನೆಯ ಸಿದ್ಧಾಂತ ಎಲ್ಲಕ್ಕಿಂತ ಭಯಂಕರವಾದದ್ದು. ಮುಂಚೂಣಿಯ ಸಿಪಾಯಿ ಬಾಯಿಬಿಟ್ಟು ಕೇಳುವವರೆಗೆ ಕಾಯಬಾರದು, ಯಾರ ಬಳಿ ಏನು ಯಾವಾಗ ಮುಗಿಯುತ್ತದೆ ಎಂದು ಅಂದಾಜು ಮಾಡಿ ಮೊದಲೇ ಮುಟ್ಟಿಸಬೇಕು. ಸರಿ, ಬೀದಿಯ ಪ್ರತಿ ಮನೆಗೂ ಒಂದೊಂದು ಕಾರ್ಡು ತಯಾರಾಯಿತು. ಒಂದು ಬೆಳಿಗ್ಗೆ ಕಂದಾಯ ಇಲಾಖೆಯಿಂದ ರಿಟೈರಾದ ಶೇಕದಾರರ ಮನೆ ಬಾಗಿಲು ತಟ್ಟಿ, ಅವರ ಹೆಂಡತಿಯ ಕೈಗೆ ಎರಡು ಅಚ್ಚು ಬೆಲ್ಲ ಇಟ್ಟರು.

"ನಾವು ಬೆಲ್ಲ ಕೇಳಲಿಲ್ವಲ್ಲಾ?"

"ಇವತ್ತು ಸಾಯಂಕಾಲಕ್ಕೆ ಮುಗೀತದೆ ಕಣಮ್ಮ. ಸಾಹೇಬ್ರು ವಾರಕ್ಕೆರಡು ಅಚ್ಚು ಒಯ್ತಾರಲ್ಲ!"

ಶೇಕದಾರರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಸಿಹಿ ಎಂಬ ಮಾತನ್ನೇ ಆಡುವಂತಿರಲಿಲ್ಲ. ಆ ಸಾಯಂಕಾಲ ಬೆಲ್ಲ ಮುಗಿಯಿತೋ ಇಲ್ಲವೋ ಗೊತ್ತಿಲ್ಲ, ಶೇಕದಾರರು ಮಾತ್ರ ಮುಗಿದೇ ಹೋದಂತಾದರು. ಮಾರನೆಯ ದಿನದಿಂದ ಅವರು ಬೇರೆ ಅಂಗಡಿಗೆ ನಡೆದರು. ಗುಟ್ಟಿಲ್ಲದ ಮನೆ ಯಾವುದಿದೆ ಹೇಳಿ? ಕಾರ್ಡಿನ ಸುದ್ದಿ ಹಬ್ಬಿ ಅರ್ಧ ಬೀದಿ ಅವರ ಹಿಂದೆಯೇ ಹೋಯಿತು.

ಒಂದು ದಿನ ಹೋದಾಗ ಚಿಕ್ಕಮ್ಮ ಖಾಲಿ ಅಂಗಡಿಯಲ್ಲಿ ಬೆಕ್ಕಿನ ಬೆನ್ನು ಸವರುತ್ತ ಕೂತಿದ್ದರು. ಅವರ ಮುಖ ನೋಡಿ ನನ್ನ ನಗು ನಿಂತಿತು. "ನನ್ ತವರಿನ ಗೌಡ್ರ ಮನೆ ಬೀಗರೂಟದ ಸಾಮಾನು ಒಂದೇ ಉಳಿದಿರೋದು ಕಣಪ್ಪ. ಅದು ಸರಿಯಾಗಿ ಹೋದ್ರೆ ಆ ಕಡೆ ಹತ್ತೂರು ನಮ್ಮನ್ನ ಬುಡಾಕಿಲ್ಲ. ಅದೂ ಕೆಟ್ರೆ ಬಾಗ್ಲು ಹಾಕೋದೇಯ. ಈ ಅಂಗ್ಡೀನ ನಾನು ಕೂಸು ಸಾಕ್ದಂಗೆ ಸಾಕಿವ್ನಿ" ಎಂದರು.

ಗೌಡರ ಊರು ಬೆಳ್ಳೂರಿನ ಹತ್ತಿರ. ಮಗಳನ್ನು ಕೆ.ಆರ್.ಪೇಟೆಗೆ ಕೊಟ್ಟಿದ್ದರು. ನಾಗಮಂಗಲದ ಛತ್ರದಲ್ಲಿ ಧಾರೆ, ನಾಲ್ಕು ದಿನ ಕಳೆದು ಊರಿನಲ್ಲಿ ಬೀಗರೂಟ, ಎಂದರೆ ಕುರಿಮರಿ ಕಡಿದು ಹಾಕುವ ಬಾಡೂಟ. ಪಟ್ಟಿ ಹಿಡಿದು ಬಂದ ಗೌಡರನ್ನು ಚಿಕ್ಕಪ್ಪ ಕೇಳಿದರು, "ಉಣ್ಣೋರ ಸ್ಟ್ರೆಂತ್ ಎಷ್ಟು?"

"ಜನ ಬತ್ತಾರೆ ಕಣಪ್ಪ."

"ಎಷ್ಟು ಜನ?"

"ಬಂದಷ್ಟು ಜನ! ಉಣ್ಣೋರ ತಲೆ ಎಣಿಸ್ತಾರೇನಪ್ಪಾ?"

ಚಿಕ್ಕಪ್ಪ ಎಣಿಸಿದರು. ಧಾರೆಯ ದಿನ ಛತ್ರದ ಬಾಗಿಲಲ್ಲಿ ನಿಂತು, ಒಳಗೆ ಹೋದ ಒಂದೊಂದು ತಲೆಯನ್ನೂ ಗುರುತು ಹಾಕಿಕೊಂಡರು. ನಾನೂರ ಎಂಟು. ಬೀಗರೂಟಕ್ಕೂ ಇಷ್ಟೇ ಜನ ಎಂದು ಪಟ್ಟಿಯಲ್ಲಿದ್ದ ಅಕ್ಕಿ, ರಾಗಿಹಿಟ್ಟು, ಖಾರದಪುಡಿ ಎಲ್ಲವನ್ನೂ ಅರ್ಧಕ್ಕೆ ಇಳಿಸಿದರು. "ಪೋಲು ಮಾಡೋದೂ ಶತ್ರುವಿಗೆ ಕೊಡೋದೂ ಒಂದೇ" ಎಂದರು. ಚಿಕ್ಕಮ್ಮ ಏನೋ ಹೇಳಲು ಹೋದರೆ "ನೀ ಸುಮ್ನಿರು, ನಾನು ಸಾವಿರಾರು ಜನಕ್ಕೆ ರೇಷನ್ ಹಾಕಿರೋನು" ಎಂದು ಬಾಯಿ ಮುಚ್ಚಿಸಿದರು.

ನಮ್ಮ ಕಡೆಯವರಿಗೆ ಈಗಾಗಲೇ ನಗು ಬಂದಿರಬೇಕು. ಇಪ್ಪತ್ತೆರಡು ವರ್ಷ ಊರು ಬಿಟ್ಟವರಿಗೆ ಮಾತ್ರ ಇಂಥ ತಪ್ಪು ಸಾಧ್ಯ. ಧಾರೆಗೆ ಬರುವವರು ನೆಂಟರು. ಬೀಗರೂಟಕ್ಕೆ ಬರುವವರು ನೆಂಟರು, ನೆಂಟರ ನೆಂಟರು, ಅವರ ಜೊತೆ ಟ್ರಾಕ್ಟರು ಹತ್ತಿದವರು, ಒಗ್ಗರಣೆ ವಾಸನೆ ಹಿಡಿದು ಬಂದವರು! ಬಾಡಿನ ಸಾರಿಗೆ ಇರುವ ಸೆಳೆತ ಮಂತ್ರಾಕ್ಷತೆಗೆ ಎಲ್ಲಿಂದ ಬರಬೇಕು?

ಬೀಗರೂಟದ ದಿನ ಬಾಡಿಗೆ ಮೆಟಡಾರಿನಲ್ಲಿ ಸಾಮಾನಿನೊಡನೆ ನಾನೂ ಚಿಕ್ಕಪ್ಪನೂ ಬೆಳಿಗ್ಗೆಯೇ ಹೋಗಿದ್ದೆವು. ಹನ್ನೆರಡಕ್ಕೆ ಮೊದಲ ಪಂಕ್ತಿ ಕೂತಿತು. ಒಂದಕ್ಕೆ ಎರಡನೆಯದು. ಆಚೆ ನೋಡಿದರೆ ಇನ್ನೂ ಎಂಟು ಟ್ರಾಕ್ಟರು ಜನ ಇಳಿಯುತ್ತಿದ್ದಾರೆ! ಮರಿಗಳ ವಿಷಯದಲ್ಲಿ ಗೌಡರು ಚಿಕ್ಕಪ್ಪನ ಮಾತು ಕೇಳಿರಲಿಲ್ಲವಾಗಿ ಬಾಡು ಬೇಕಾದಷ್ಟಿತ್ತು. ಹಿಟ್ಟಿನ ಮೂಟೆ ಮಾತ್ರ ತಳ ಕಂಡಿತ್ತು. ಮುದ್ದೆ ಕಟ್ಟುವವರು ಕೈ ಒರೆಸಿಕೊಂಡು ಕೂತರು.

ಗೌಡರು ಕೆಂಪಾಗಿ ಬಂದರು. "ಏನಯ್ಯಾ, ಬೀಗರ ಮುಂದೆ ನನ್ ಮಾನ ಕಳೆದ್ಬುಟ್ಟಲ್ಲ! ಪೇಟೆಯೋರು ಎಲೆ ಮುಂದೆ ಕುಂತವ್ರೆ, ಎಲೇನೇ ತಿನ್ಬೇಕಾ?"

ಚಿಕ್ಕಪ್ಪ ಖಾಲಿ ಮೂಟೆಯನ್ನು ಕೊಡವಿ ಕೊಡವಿ ನೋಡಿದರು. ಯುದ್ಧಕಾಲದಲ್ಲೂ ಹೀಗೆ ಬೆವೆತಿರಲಾರರು. ಅಂಗಡಿಯ ಕಥೆ ಇಲ್ಲಿಗೆ ಮುಗಿಯಿತು ಎಂದು ನಾನು ಚಿಕ್ಕಮ್ಮನನ್ನು ನೆನೆದು ಸಂಕಟಪಟ್ಟೆ.

ಅಷ್ಟರಲ್ಲಿ ಕಬ್ಬಿನ ಲಾರಿಯೊಂದು ಧೂಳೆಬ್ಬಿಸಿಕೊಂಡು ಬಂದು ಚಪ್ಪರದ ಪಕ್ಕ ನಿಂತಿತು. ಡ್ರೈವರ್ ಪಕ್ಕದಿಂದ ಇಳಿದವರು ಯಾರು ಅಂತೀರಿ? ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ನಮ್ಮ ಚಿಕ್ಕಮ್ಮ! ಹಿಂದೆ ಅಕ್ಕಿ, ರಾಗಿಹಿಟ್ಟು, ಖಾರದಪುಡಿ. ಚಿಕ್ಕಪ್ಪ ಕಡಿತ ಮಾಡಿದ್ದ ಅಷ್ಟೂ ಅರ್ಧ. "ನಿಂತ್ಕೊಂಡು ಏನ್ ನೋಡೀರಿ? ಇಳ್ಸಿ! ಎಸರಿಡಿ!" ಎಂದು ಗದರಿದರು. ಅರ್ಧ ಗಂಟೆಯಲ್ಲಿ ಮುದ್ದೆ ಎಲೆಗೆ ಬಿತ್ತು. ಎದ್ದು ಹೊರಟಿದ್ದ ಬೀಗರು ಮತ್ತೆ ಕೂತರು.

ನಾಲ್ಕು ಗಂಟೆಗೆ ಕೊನೆಯ ಪಂಕ್ತಿ ಎದ್ದಿತು. ಗೌಡರು ಚಿಕ್ಕಮ್ಮನ ಬಳಿ ಬಂದು, "ಬರೋ ತಿಂಗ್ಳು ನನ್ ತಮ್ಮನ ಮನೇದೈತೆ, ನೀನೇ ಸಾಮಾನು ಕಳ್ಸವ್ವ" ಎಂದರು. ನಂತರ ಚಿಕ್ಕಪ್ಪನ ಕಡೆ ತಿರುಗಿ ನೋಡಿ, "ಎಣ್ಸೋಕೆ ಯಾರ್ನೂ ಕಳಿಸ್ಬ್ಯಾಡ" ಎಂದು ಸೇರಿಸಿದರು.

ಚಿಕ್ಕಪ್ಪ ಖಾಲಿ ಚೀಲಗಳ ಮೇಲೆ ಕುಸಿದು ಕೂತಿದ್ದರು. ಕೂತಲ್ಲಿಂದಲೇ ಚಿಕ್ಕಮ್ಮನನ್ನು ಕೇಳಿದರು, "ಲಾರಿ ಎಲ್ಲಿ ಸಿಕ್ತು ನಿಂಗೆ?"

"ಫ್ಯಾಕ್ಟ್ರೀಲಿ ಕಬ್ಬು ಇಳ್ಸಿ ಖಾಲಿ ವಾಪಸ್ ಬರೋ ಲಾರಿ. ದಿನಾ ಬತ್ತವಲ್ಲ ಈ ಕಡೀಕೆ."

"ಖಾಲಿ ಬರೋ ಗಾಡೀಲಿ ಮಾಲು ಹಾಕ್ಬೇಕು ಅಂತ ನಿಂಗ್ಯಾರು ಹೇಳ್ಕೊಟ್ರು? ಅದನ್ನ ಕಲಿಯಾಕೆ ನಾನು ಮೂರು ತಿಂಗಳು ಟ್ರೈನಿಂಗ್ ಹೋಗಿದ್ದೆ."

"ಅಯ್ಯೋ ಬುಡಿ ಅತ್ಲಾಗೆ. ಇಪ್ಪತ್ತೆರಡು ವರ್ಸ ಅಂಗ್ಡಿಗೆ ಸಾಮಾನು ಇನ್ನೆಂಗ್ ತಂದೆ ಅಂದ್ಕೊಂಡ್ರಿ? ಮಳೇಲಿ ಬಸ್ ಸಿಗ್ದಿದ್ರೆ ತಲೆ ಮ್ಯಾಲೇ ಹೊತ್ಕೊಂಡು ಬತ್ತಿದ್ದೆ."

ಚಿಕ್ಕಪ್ಪ ವಾದಕ್ಕಿಳಿಯುತ್ತಾರೆ ಎಂದುಕೊಂಡೆ. ಇಳಿಯಲಿಲ್ಲ. ನನ್ನ ಕಡೆ ನೋಡುತ್ತ, ಚಿಕ್ಕಮ್ಮನ ಮುಖ ನೋಡಲಾರದೆ ಹೇಳಿದರು, "ಅಷ್ಟು ವರ್ಸ ಯಾರ್ಯಾರ ಮಕ್ಕಳ ಹೊಟ್ಟೆಗೆಲ್ಲ ಅನ್ನ ಮುಟ್ಸಿದೆ ಕಣ್ಲಾ. ನಮ್ಮನೆ ಅನ್ನ ಎಂಗ್ ಬತ್ತದೆ ಅಂತ ಒಂದು ಕಾಗದದಲ್ಲೂ ಕೇಳ್ಲಿಲ್ಲ."

ನನಗೆ ಅವರನ್ನು ನೋಡಿ ಇಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಚಿಕ್ಕಪ್ಪ ಎದ್ದು ಚಿಕ್ಕಮ್ಮನ ಎದುರು ಹೋಗಿ ನಿಂತು, ಮೆಲ್ಲಗೆ ಕೇಳಿದರು:

"ನಿಂದು ಊಟ ಆಯ್ತಾ?"

ಬಂದಾಗಿನಿಂದ ಬಾಯಿ ಮುಚ್ಚದಿದ್ದ ಚಿಕ್ಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಕೊನೆಗೆ, "ಇಲ್ಲ" ಎಂದು ತಲೆಯಾಡಿಸಿದರು.

ಚಿಕ್ಕಪ್ಪ ಹೋಗಿ ಒಂದು ಎಲೆ ತಂದು, ನೀರು ಚಿಮುಕಿಸಿ ಒರೆಸಿ, ಅವರ ಮುಂದೆ ಹಾಸಿದರು.