ಹಿಂಬದಿ ಡಿರೇಲರ್ ಸಾಹೇಬರಿಗೆ, ಮೂರನೆಯ ಮುರಿತದ ತರುವಾಯ

ವೆಲ್ಡ್‌ಹೋವನ್
೬ ಏಪ್ರಿಲ್ ೧೯೯೮

ನಿನ್ನೆ ಬೆಳಗಿನವರೆಗೆ ನನ್ನ ಮೌಂಟನ್ ಬೈಕಿನ ಹಿಂದಿನ ಚಕ್ರದ ಬಲಮಗ್ಗುಲಲ್ಲಿ ವಿರಾಜಮಾನರಾಗಿದ್ದು, ನಿನ್ನೆ ಮಧ್ಯಾಹ್ನದಿಂದ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿಕೊಂಡು ಪವಡಿಸಿರುವ ಶ್ರೀ ಹಿಂಬದಿ ಡಿರೇಲರ್ ಸಾಹೇಬರ ಸನ್ನಿಧಾನಕ್ಕೆ, ಗುಳೇದಗುಡ್ಡದ ಮುರುಗೆಪ್ಪ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿಲ್ಲವೆಂಬುದನ್ನು ಕಣ್ಣಾರೆ ಕಂಡಿರುವುದರಿಂದ ಕ್ಷೇಮಸಮಾಚಾರ ಕೇಳುವ ಉಪಚಾರವನ್ನು ಕೈಬಿಟ್ಟಿದ್ದೇನೆ, ಮನ್ನಿಸಬೇಕು. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ಕಾಡಿನಲ್ಲಿ ತಮ್ಮೊಡನೆ ಖಾಸಗಿಯಾಗಿ ಆಡಿದ ಮಾತುಗಳು ಯಾವುದೂ ಅಚ್ಚಿಗೆ ಯೋಗ್ಯವಾಗಿರಲಿಲ್ಲ.

ತಮ್ಮನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಸೈಕಲ್ಲಿನ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವುದು ತಮ್ಮ ಉದ್ಯೋಗ. ಹಳಿ ತಪ್ಪಿಸುವುದು ಎಂದೇ ತಮ್ಮ ಹೆಸರಿನ ಅರ್ಥವಂತೆ, ಆ ಹೆಸರಿಗೆ ತಾವು ಒಂದು ದಿನವೂ ಕಳಂಕ ತಂದಿಲ್ಲ. ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಕೂದಲಿನ ಸಾವಿರದಲ್ಲೊಂದು ಪಾಲು ಅತ್ತಿತ್ತ ಜರುಗಿದರೂ ಯಂತ್ರ ನಿಲ್ಲಿಸಿ ವಿಚಾರಣೆ ನಡೆಸುತ್ತೇವೆ. ತಾವಾದರೋ ಮೂರನೆಯ ಹಲ್ಲುಚಕ್ರ ಕೇಳಿದರೆ ಐದನೆಯದನ್ನು ಕೊಡುವ ಉದಾರಿಗಳು.

ನಮ್ಮ ತಂದೆಯವರ ಸೈಕಲ್ಲಿಗೆ ಗೇರೇ ಇರಲಿಲ್ಲ, ಆದ್ದರಿಂದ ಮುರಿಯುವುದಕ್ಕೂ ಏನೂ ಇರಲಿಲ್ಲ. ಬೆಟ್ಟವೆಂಬುದೇ ಇಲ್ಲದ ಈ ಹಾಲೆಂಡಿನಲ್ಲಿ ಬೆಟ್ಟದ ಸೈಕಲ್ ಕೊಳ್ಳುವ ಬುದ್ಧಿ ನನಗೇಕೆ ಬಂತೆಂದು ತಾವು ಕೇಳಬಹುದು. ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಬ್ರೆಡ್ಡು ಚೀಸು ತಿನ್ನುತ್ತಾ, ನಮ್ಮೂರಿನ ಹೆಸರಲ್ಲೇ ಗುಡ್ಡವಿದೆ, ನಿಮ್ಮ ಕಾಡಿನ ದಾರಿ ನನಗೆ ಯಾವ ಲೆಕ್ಕ ಎಂದು ಕೊಚ್ಚಿಕೊಂಡೆ. ಪಕ್ಕದ ಮೇಜಿನ ಟೋನ್ ಎಂಬಾತ ಹಾಗಾದರೆ ಭಾನುವಾರ ಒಂಬತ್ತಕ್ಕೆ ಬಾ ಎಂದ. ಅವನೂ ಇನ್ನು ಮೂವರೂ ಪ್ರತಿ ಭಾನುವಾರ ಮರಳು, ಬೇರು, ಕೆಸರುಗಳ ಮೇಲೆ ಮೂವತ್ತು ಕಿಲೋಮೀಟರ್ ಹುಚ್ಚಾಪಟ್ಟೆ ಓಡಿಸಿ, ಕೊನೆಗೆ ಕಾಡಂಚಿನ ಪ್ಯಾನ್‌ಕೇಕ್ ಹೋಟೆಲಿನಲ್ಲಿ ಒಂದು ಗಂಟೆ ಕೂತು ಕಾಫಿ ಕುಡಿಯುತ್ತಾರೆ.

ಸಾಹೇಬರೇ, ನನ್ನ ಕಣ್ಣಿದ್ದದ್ದು ಆ ಕಾಫಿಯ ಮೇಲೆ. ಎರಡು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದರೂ ಆ ನಾಲ್ವರಿಗೆ ನಾನು ಅಳತೆ ವಿಭಾಗದ ಮನುಷ್ಯ, ಅಷ್ಟೇ. ನಾಯಿಯ ಕಾಯಿಲೆ, ಅತ್ತೆಯ ಹಟ, ಸೋರುವ ಛಾವಣಿ ಮುಂತಾದ ನಿಜವಾದ ಮಾತುಗಳನ್ನೆಲ್ಲ ಅವರು ಆಡುವುದು ಆ ಮೇಜಿನಲ್ಲಿ. ನನಗೆ ಅಲ್ಲೊಂದು ಕುರ್ಚಿ ಬೇಕಾಗಿತ್ತು. ತುಂಬಾ ಬೇಕಾಗಿತ್ತು.

ತಮ್ಮ ವಂಶಸ್ಥರಿಗೆ ಈ ವಿಷಯ ಹೇಗೋ ತಿಳಿದುಹೋಯಿತು. ತಮ್ಮ ಪೂರ್ವಾಧಿಕಾರಿಗಳಲ್ಲಿ ಮೊದಲನೆಯವರು ಹನ್ನೊಂದನೆಯ ಕಿಲೋಮೀಟರಿನಲ್ಲಿ ಕೈಬೆರಳಿನಷ್ಟು ದಪ್ಪದ ಒಂದು ಕಡ್ಡಿಯನ್ನು ಆಲಿಂಗಿಸಿ ಚಕ್ರದ ಕಡ್ಡಿಗಳೊಳಗೆ ಐಕ್ಯರಾದರು. ಎರಡನೆಯವರು ಆರು ಭಾನುವಾರ ಮರಳು ಜಗಿದು ಜಗಿದು ಹಲ್ಲು ಸವೆಸಿಕೊಂಡು ಏಳನೆಯದರಂದು ಕೈಚೆಲ್ಲಿದರು. ಪ್ರತಿ ಸಲವೂ ನಾನು ಸೈಕಲ್ ತಳ್ಳಿಕೊಂಡು ಹೋಟೆಲು ಮುಟ್ಟುವ ಹೊತ್ತಿಗೆ ನಾಲ್ಕು ಖಾಲಿ ಕಪ್ಪುಗಳು ಮಾತ್ರ ನನ್ನನ್ನು ಬರಮಾಡಿಕೊಂಡವು. ಮನೆಯಲ್ಲಿ ನನ್ನ ಹೆಂಡತಿ ಸ್ಮಿತಾ, "ಸೈಕಲ್ಲು ನಿಮ್ಮನ್ನ ಹೊತ್ಕೊಂಡ ಹೋಗ್ತೈತೋ, ನೀವs ಅದನ್ನ ಹೊತ್ಕೊಂಡ ಬರ್ತೀರೋ, ಒಂದೀಟ ಹೇಳ್ರಿ. ನಿಮಗ ಮುರುಗೆಪ್ಪ ಅಲ್ಲ, ಮುರಿಗೆಪ್ಪ ಅಂತ ಹೆಸರಿಡಬೇಕಿತ್ತು," ಎಂದಳು.

ಎರಡನೆಯವರ ಪಾರ್ಥಿವ ಶರೀರವನ್ನು ಸೈಕಲ್ ಅಂಗಡಿಗೆ ಒಯ್ದಾಗ ಅಂಗಡಿಯಾತ ಹಿಂದಿನಿಂದ ಒಕ್ಕಣ್ಣಿನಲ್ಲಿ ನೋಡಿ, "ದೆ ಪಟ್ ಇಸ್ ಕ್ರೊಮ್" ಎಂದ. ಕ್ರೊಮ್ ಎಂದರೆ ಡೊಂಕು. ಸೈಕಲ್ ದಾರಿಗೆ ಇಲ್ಲಿ 'ಫೀಟ್ಸ್‌ಪಟ್' ಎನ್ನುತ್ತಾರಾದ್ದರಿಂದ ಪಟ್ ಎಂದರೆ ದಾರಿ ಎಂಬುದು ನನಗೆ ಗೊತ್ತಿತ್ತು. ದೋಷ ಡಿರೇಲರಿನದಲ್ಲ, ದಾರಿಯೇ ಡೊಂಕು! ಆ ರಾತ್ರಿ ಊಟಕ್ಕೆ ಮೊದಲೇ ಕೂತು, ಸಂಜೆ ತರಗತಿಯಲ್ಲಿ ಕಲಿತ ಡಚ್ಚಿನಲ್ಲಿ ಪುರಸಭೆಗೊಂದು ಮನವಿ ಬರೆದೆ.

ಮಾನ್ಯರೇ, ಡಚ್ಚರು ಕಲ್ಲು ಮಣ್ಣುಗಳನ್ನೂ ಬಿಡದೆ ಸಕಲ ವಸ್ತುಗಳನ್ನು 'ದೆ' ಎಂದೂ 'ಹೆಟ್' ಎಂದೂ ಎರಡು ಪಂಗಡ ಮಾಡಿಟ್ಟಿದ್ದಾರೆ. 'ಹೆಟ್ ಪಟ್' ಎಂದರೆ ದಾರಿ. 'ದೆ ಪಟ್' ಎಂದರೆ ನೆಲಗಪ್ಪೆ. ಅಂಗಡಿಯಾತ ಹೇಳಿದ್ದು ಇವೆರಡೂ ಅಲ್ಲ. ತಮ್ಮನ್ನು ಸೈಕಲ್ಲಿಗೆ ನೇತುಹಾಕುವ ಚಿಕ್ಕ ಲೋಹದ ತುಂಡಿಗೂ 'ದೆ ಪಟ್' ಎನ್ನುತ್ತಾರಂತೆ. ಬರೆಯುವಾಗ ಅದರ ಕೊನೆಯಕ್ಷರ ಬೇರೆ, ಬಾಯಲ್ಲಿ ಎಲ್ಲವೂ ಪಟ್ಟೇ. ನಾನು ಅಂಗಡಿಯಾತನ 'ದೆ'ಯನ್ನೂ ದಾರಿಯ ಕಾಗುಣಿತವನ್ನೂ ಕೂಡಿಸಿದೆ. ಹೀಗಾಗಿ ಪುರಸಭೆಯವರು ಓದಿದ್ದು ಇದನ್ನು: ಕಾಡಿನ ನೆಲಗಪ್ಪೆ ಡೊಂಕಾಗಿದೆ, ನಾವು ಐದು ಜನ ಪ್ರತಿ ಭಾನುವಾರ ಅದರ ಮೇಲೆ ಸೈಕಲ್ ಓಡಿಸುತ್ತೇವೆ, ದಯಮಾಡಿ ಅದನ್ನು ನೇರ ಮಾಡಿಸಬೇಕು, ಆಗದಿದ್ದರೆ ಡಾಂಬರು ಹಾಕಿಸಬೇಕು.

ನಾಲ್ಕೇ ದಿನದಲ್ಲಿ ಉತ್ತರ ಬಂತು. ಯಾವ ಕಾರಣಕ್ಕೂ ನಾನಾಗಿ ಡಾಂಬರು ಹಾಕಕೂಡದೆಂದೂ, ಭಾನುವಾರ ಬೆಳಿಗ್ಗೆ ಏಳೂವರೆಗೆ 'ಪಟ್' ಕಾರ್ಯಪಡೆಯವರನ್ನು ಕಾಣಬೇಕೆಂದೂ ಇತ್ತು. ದಾರಿ ರಿಪೇರಿಯವರೆಂದು ಹಿಗ್ಗಿ ಹೋದರೆ, ರಬ್ಬರ್ ಬೂಟು ತೊಟ್ಟ ಎಂಟು ಮಂದಿ ಹಿರಿಯರು ಬಕೆಟ್ ಹಿಡಿದು ನಿಂತಿದ್ದರು. ವಸಂತದಲ್ಲಿ ಮೊಟ್ಟೆಯಿಡಲು ಕೊಳಕ್ಕೆ ಹೊರಟ ನೆಲಗಪ್ಪೆಗಳು ರಸ್ತೆಯಲ್ಲಿ ಚಕ್ರಕ್ಕೆ ಸಿಗದಂತೆ ಬಕೆಟ್ಟಿನಲ್ಲಿ ತುಂಬಿ ದಾಟಿಸುವ ಸ್ವಯಂಸೇವಕರು ಅವರು. ನನ್ನನ್ನು ಪಶ್ಚಾತ್ತಾಪಪಟ್ಟ ಕೊಲೆಗಾರನನ್ನು ನೋಡುವ ಹಾಗೆ ನೋಡಿ, ಕೈಗೊಂದು ಬಕೆಟ್ ಕೊಟ್ಟರು. ಅಲ್ಲವೆನ್ನಲು ಬೇಕಾದಷ್ಟು ಡಚ್ ನನಗೆ ಬರುತ್ತಿರಲಿಲ್ಲವಾದ್ದರಿಂದ ತೆಗೆದುಕೊಂಡೆ.

ತಾವು ಅಧಿಕಾರ ವಹಿಸಿಕೊಂಡದ್ದು ಆ ವಾರವೇ. ಆ ಭಾನುವಾರವೆಂದರೆ ನಿನ್ನೆಯೇ. ಕಪ್ಪೆಗಳು ಬಹಳ. ಕೆಲಸ ಮುಗಿಯುವ ಮೊದಲೇ ಒಂಬತ್ತಾಯಿತು. ಕೊಳ ಹೇಗೂ ನಮ್ಮ ಸೈಕಲ್ ದಾರಿಯಲ್ಲೇ ಇದೆಯೆಂದು ಕೊನೆಯ ಹದಿನೇಳನ್ನು ಬಕೆಟ್ಟಿನಲ್ಲಿ ಹ್ಯಾಂಡಲಿಗೆ ತೂಗುಹಾಕಿಕೊಂಡು, ನಾಲ್ವರಿಗಿಂತ ಮುಂದೆ ಹೊರಟೆ. ಜೀವನದಲ್ಲಿ ಮೊದಲ ಸಲ ಮುಂದಿದ್ದೆ. ತಾವು ಅದನ್ನು ಸಹಿಸಲಿಲ್ಲ. ಇಳಿಜಾರಿನ ತಿರುವಿನಲ್ಲಿ ಮರದ ಬೇರೊಂದಕ್ಕೆ ಮುತ್ತಿಟ್ಟು ಬುಡಸಮೇತ ಕಿತ್ತು ಬಂದಿರಿ. ನಾನು ಅತ್ತ, ಬಕೆಟ್ ಇತ್ತ, ಹದಿನೇಳು ಕಪ್ಪೆಗಳು ದಾರಿ ತುಂಬಾ.

ಅಷ್ಟರಲ್ಲಿ ಮೇಲಿನಿಂದ ಆ ನಾಲ್ವರು ಬ್ರೇಕಿನ ನೆನಪೇ ಇಲ್ಲದೆ ಇಳಿದುಬರುತ್ತಿದ್ದರು. ನಾನು ನಡುದಾರಿಯಲ್ಲಿ ಕೈ ಚಾಚಿ ನಿಂತು, ಇರುವ ಉಸಿರನ್ನೆಲ್ಲ ಕೂಡಿಸಿ, "ಪಟ್! ಪಟ್! ಪಟ್!" ಎಂದು ಕಿರುಚಿಕೊಂಡೆ. ತಮ್ಮನ್ನು ನೇತುಹಾಕುವ ತುಂಡು ಮುರಿದಿತ್ತು, ದಾರಿ ಕಟ್ಟಿತ್ತು, ಕಪ್ಪೆಗಳು ಕಾಲ ಬಳಿಯಿದ್ದವು. ಆ ಭಾಷೆಯಲ್ಲಿ ನಾನು ಆಡಿದ ಮಾತು ಇಷ್ಟು ಪೂರ್ತಿಯಾಗಿ ಸರಿಯಿದ್ದದ್ದು ಅದೇ ಮೊದಲು. ನಾಲ್ವರೂ ಮೂರು ಮಾರು ದೂರದಲ್ಲಿ ನಿಂತರು. ಆಮೇಲೆ ಕೆಳಗಿಳಿದು, ಕೈಗವಸಿನಲ್ಲೇ ಒಂದೊಂದಾಗಿ ಆರಿಸಿ ಬಕೆಟ್ಟಿಗೆ ಹಾಕಿದರು. ಹದಿನೇಳೂ ಸಿಕ್ಕವು. ಕೊಳದವರೆಗೆ, ಅಲ್ಲಿಂದ ಹೋಟೆಲಿನವರೆಗೆ, ನಾನು ತಳ್ಳುತ್ತಿದ್ದೇನೆಂದು ಅವರೂ ಸೈಕಲ್ ತಳ್ಳಿಕೊಂಡೇ ನಡೆದರು.

ಅಲ್ಲಿ ಟೋನ್ ಪಕ್ಕದ ಮೇಜಿನಿಂದ ಒಂದು ಕುರ್ಚಿ ಎಳೆದುಹಾಕಿದ. ಅದರ ಒಂದು ಕಾಲು ಗಿಡ್ಡವಿತ್ತು. ಆದರೂ ಮುರಿಯಲಿಲ್ಲ, ಇದನ್ನು ತಾವು ಗಮನಿಸಬೇಕು. ನಾನು ಎರಡು ಕಪ್ ಕಾಫಿ ಕುಡಿದೆ, ಅವನ ನಾಯಿಗೆ ಕೀಲುನೋವೆಂದು ತಿಳಿದೆ.

ಇನ್ನು ನನ್ನ ಬೇಡಿಕೆಗಳು. ಹಲ್ಲು ಕೀಳಿಸಲೂ ಮುಂಚಿತವಾಗಿ ಸಮಯ ಗೊತ್ತುಮಾಡಿಕೊಳ್ಳುವ ದೇಶವಿದು. ತಮ್ಮ ಸಂತತಿಯವರು ಮುರಿಯುವುದಕ್ಕೂ ಎರಡು ವಾರ ಮೊದಲು ಲಿಖಿತ ಸೂಚನೆ ಕೊಡಬೇಕು. ಕಡ್ಡಿ ಎದುರಾದರೆ ತಾವು ಬದಿಗೆ ಸರಿಯಬೇಕು, ಇಲ್ಲವೇ ಕಡ್ಡಿಯನ್ನು ಸರಿಯುವಂತೆ ಒಪ್ಪಿಸಬೇಕು. ಸಾಧ್ಯವಾದರೆ ಬೆಟ್ಟ ಸಿಗುವ ತನಕ ಮುರಿಯಬಾರದು. ಇಲ್ಲಿ ಬೆಟ್ಟವಿಲ್ಲವಾದ್ದರಿಂದ ಇದು ತಮಗೆ ಹೊರೆಯಾಗಲಾರದು.

ಮೊದಲಿಬ್ಬರು ನನ್ನಿಂದ ಕಿತ್ತುಕೊಂಡ ಕುರ್ಚಿಯನ್ನು ತಾವು ಮುರಿದೇ ಕೊಡಿಸಿದಿರೆಂದು ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೆ ಒಪ್ಪಿಕೊಳ್ಳುತ್ತೇನೆ. ನಿನ್ನೆ ಟೋನ್ ನನ್ನ ಪೂರ್ತಿ ಹೆಸರು ಕೇಳಿ, ನಡುವಿನ 'ಗೆ'ಯನ್ನು ಗಂಟಲಿನ ತಳದಿಂದ ಕೆರೆದೆತ್ತಿ ಮೂರು ಸಲ ಯತ್ನಿಸಿ ಸೋತ. ಇವತ್ತು ಬೆಳಿಗ್ಗೆ ಕಾರ್ಖಾನೆಯ ಪಡಸಾಲೆಯ ಆ ತುದಿಯಿಂದ ಯಾರೋ "ಪಟ್!" ಎಂದು ಕೂಗಿದರು. ಕಪ್ಪೆಯೋ ದಾರಿಯೋ ಎಂದು ನಾನು ಯೋಚಿಸಲಿಲ್ಲ. ನನ್ನನ್ನೇ ಎಂದು ತಿರುಗಿದೆ. ಕಣ್ಣು ಸ್ವಲ್ಪ ಒದ್ದೆಯಾಯಿತು.

ಮೂರು ಸಲ ಮುರಿದ ಮೇಲೂ ತಮ್ಮ ವಿಶ್ವಾಸಿ,
ಮುರುಗೆಪ್ಪ, ಉರುಫ್ ಪಟ್

ತಾ.ಕ.: ಸ್ಮಿತಾ ತಮ್ಮನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ತಮ್ಮ ಕೊಕ್ಕೆಗೆ ಚಹಾ ಸೋಸುವ ಜಾಳಿಗೆ ನೇತುಹಾಕಲು ತೀರ್ಮಾನಿಸಿದ್ದಾಳೆ. ಜಾಳಿಗೆಯ ತೂಕ ಮೂವತ್ತು ಗ್ರಾಂ, ಅಡುಗೆಮನೆಯಲ್ಲಿ ಬೇರಾಗಲಿ ಮರಳಾಗಲಿ ಇಲ್ಲ. ಮುಂದಿನ ಭಾನುವಾರದವರೆಗಾದರೂ ತಡೆದುಕೊಳ್ಳುತ್ತೀರೆಂದು ನಂಬಿದ್ದೇನೆ. ಆದರೂ ಇರಲಿ ಎಂದು ಕೆಳಗೊಂದು ಬಕೆಟ್ ಇಟ್ಟಿದ್ದೇನೆ.