ತೊಗಟೆ ಬಿಟ್ಟು ಎರಡು ಟನ್ ನೆರಳು

ನಮ್ಮ ಓಣಿಯಲ್ಲಿ ಒಂದು ವಾರ ನಗುವಂಥದ್ದೇನೂ ನಡೆಯಲಿಲ್ಲವೆಂದರೆ ಯಾರಿಗೋ ಮೈ ಹುಷಾರಿಲ್ಲ ಎಂದೇ ತಿಳಿಯಬೇಕು.

ಓಣಿ ಇರುವುದು ಕಾರವಾರದಲ್ಲಿ, ಕಡಲಿಗೆ ಹತ್ತು ನಿಮಿಷದ ನಡಿಗೆ. ಆದರೆ ಇಲ್ಲಿರುವವರು ಬಹುತೇಕ ಘಟ್ಟದ ಮೇಲಿನವರು. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ದುಡಿದವರು, ಅವರನ್ನು ನಂಬಿಕೊಂಡು ಹಿಂದೆಯೇ ಸೈಟು ತೆಗೆದುಕೊಂಡ ಹಳಿಯಾಳ, ಮುಂಡಗೋಡದವರು. ಊರಿನ ಆಟೋದವರಿಗೆ ಇದು ‘ದಾಂಡೇಲಿ ಓಣಿ’. ನಾನು ಇಲ್ಲಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿದ್ದೇನೆ. ನನ್ನಪ್ಪನೂ ಮಿಲ್ಲಿನವರೇ.

ಆಯುಷ್ಯವೆಲ್ಲ ಬಿದಿರು, ಕಟ್ಟಿಗೆ ಬೇಯಿಸಿ ಕಾಗದ ಮಾಡಿದ ಈ ಜನ ಇಲ್ಲಿಗೆ ಬಂದು ಮಾಡಿದ ಮೊದಲ ಕೆಲಸ ಗಿಡ ನೆಟ್ಟಿದ್ದು. ಮುಂಡಗೋಡದ ಪಾಳಾ ಊರಿನ ಮಾವು, ಹಲಸು, ಹೊಂಗೆ, ಬಕುಳ. ಓಣಿಯ ಹಿರಿಯರಾದ ಕಾಕಾ ಅಂತೂ ಮನೆಗೆ ಬುನಾದಿ ತೋಡುವ ಮೊದಲೇ ದಾಂಡೇಲಿ ಹತ್ತಿರದ ಕುಳಗಿ ಕಾಡಿನ ಕಡೆಯಿಂದ ನೇರಳೆ ಸಸಿ ತಂದು ರಸ್ತೆಯ ಅಂಚಿಗೆ ಊರಿದ್ದರು. “ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತವೇ?” ಎಂದು ಒಮ್ಮೆ ಕೇಳಿದ್ದೆ.

“ಪಾಪ ಅಲ್ಲೋ ತಮ್ಮಾ, ಬಿಸಲು” ಎಂದರು.

ಈಗ ಏಪ್ರಿಲ್ ಬಂತೆಂದರೆ ಊರೆಲ್ಲ ಕುದಿಯುತ್ತಿರುವಾಗ ನಮ್ಮ ಓಣಿಯಲ್ಲಿ ಆಟೋಗಳು ಸಾಲಾಗಿ ನಿಂತು ನಿದ್ದೆ ಹೊಡೆಯುತ್ತವೆ. ಹೆಮ್ಮೆ ಪಡಬಾರದು ಎನ್ನುತ್ತಾರೆ. ನಾವು ಪಡುತ್ತೇವೆ.

ಕಡಲು ನೋಡಲು ಬಂದವರು

ದಾಂಡೇಲಿಯಾಚೆ ಕಾಡಂಚಿನ ರಾಮನಗರದಿಂದ ಕಾಕಾರ ಬೀಗರು ಬಂದರು. ಎಪ್ಪತ್ತು ದಾಟಿದವರು, ಕಡಲು ಕಂಡಿರಲಿಲ್ಲ. ಬೆಳಿಗ್ಗೆ ಚಹಾ ಮುಗಿಸಿ, ಧೋತರ ಏರಿಸಿ ಕಟ್ಟಿ ತಯಾರಾಗಿ ನಿಂತರು.

“ನಡೀರಿ, ಹೋಗೂಣು” ಎಂದು ಕಾಕಾ ಹೊರಡಿಸಿದರು. ಮೊದಲು ಮಾವು. ಅದರ ತಳಿ, ಅದರ ಹುಳಿ. ಆಮೇಲೆ ಹಲಸು. ಕಡೆಗೆ ನೇರಳೆ. ಅದರ ಕೆಳಗೆ ಕುರ್ಚಿ ಹಾಕಿಸಿ, ಸಸಿಯಾಗಿದ್ದಾಗ ಆಕಳು ಎರಡು ಸಲ ಕಚ್ಚಿದ್ದು, ಮೂರನೆಯ ಸಲ ತಾವೇ ಮುಳ್ಳಿನ ಬೇಲಿ ಕಟ್ಟಿ ಕಾವಲು ಕೂತಿದ್ದು, ಎಲ್ಲ ಹೇಳಿದರು. ಬೀಗರು ಕಾಡಿನ ಮಗ್ಗುಲಲ್ಲೇ ಹುಟ್ಟಿ ಬೆಳೆದವರು. ಸೌಜನ್ಯಕ್ಕೆ ಕೇಳಿದರು. ಊಟದ ಹೊತ್ತಾಯಿತು, ಊಟವಾದ ಮೇಲೆ ಬಸ್ಸಿನ ಹೊತ್ತಾಯಿತು.

ಊರಲ್ಲಿ ಎಲ್ಲರೂ ಕಡಲು ಹೇಗಿತ್ತೆಂದು ಕೇಳಿದರಂತೆ. ಬೀಗರು ಗಂಭೀರವಾಗಿ ಹೇಳಿದ್ದು ಇಷ್ಟು: “ಐತಂತ. ಒಂದು ನೇರಲ ಗಿಡದ ಹಿಂದ ಐತಂತ.”

ಎಲೆಯ ವ್ಯವಹಾರ

ಓಣಿಯಲ್ಲಿ ಕರಾವಳಿ ಮೂಲದವರೂ ಒಬ್ಬರಿದ್ದಾರೆ, ನಿವೃತ್ತ ಮಾಸ್ತರರು. ನೇರಳೆ ನಿಂತಿರುವುದು ಅವರ ಮತ್ತು ಕಾಕಾರ ಮನೆಗಳ ನಡುವೆ. ಮಾಸ್ತರರು ಉಡುವುದು ಬಿಳಿ ಬಟ್ಟೆ ಮಾತ್ರ. ಹಣ್ಣಿನ ಕಾಲದಲ್ಲಿ ಅವರ ಅಂಗಿಯ ಬೆನ್ನು ಹೇಗಿರುತ್ತದೆಂದು ನಾನು ಬರೆಯಬೇಕಾಗಿಲ್ಲ.

ಅವರು ದಿನಾ ಬೆಳಿಗ್ಗೆ ಅಂಗಳ ಗುಡಿಸಿ, ಎಲೆಯನ್ನೆಲ್ಲ ಬುಟ್ಟಿಗೆ ತುಂಬಿ, ಕಾಕಾರ ಗೋಡೆಯಾಚೆ ಸುರಿದು, “ನಿಮ್ಮ ಎಲೆ ನೀವು ತಗೊಳ್ಳಿ ಮಾರಾಯ್ರೇ” ಎನ್ನುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು. ಒಂದು ದಿನ ಕಾಕಾ ಗೋಡೆಯ ಮೇಲೆ ತಲೆ ತೂರಿಸಿದರು.

“ಎಲಿ ಮುಟ್ಟಿತ್ರಿ ಮಾಸ್ತರ್ರ. ನೆರಳು ಯಾವಾಗ ವಾಪಸ್ ಕೊಡ್ತೀರಿ?”

ಮಾಸ್ತರರಿಗೆ ರೋಷ ಬಂತು. ಅಂಗಳದ ನೆರಳಿನಲ್ಲಿದ್ದ ತಮ್ಮ ಕುರ್ಚಿಯನ್ನು ಎತ್ತಿ ರಸ್ತೆಯಾಚೆಯ ರಣಬಿಸಿಲಿನಲ್ಲಿಟ್ಟು, ಪೇಪರು ಬಿಡಿಸಿ ಕೂತರು. ಕಾಲು ಗಂಟೆ. ಅರ್ಧ ಗಂಟೆ. ಬೋಳು ತಲೆ ಮಿರಮಿರ ಹೊಳೆಯತೊಡಗಿತು. ಹೋಗಿ ಕರೆಯುವ ಧೈರ್ಯ ಯಾರಿಗೂ ಇಲ್ಲ.

ಎದುರು ಮನೆಯ ಹಳಿಯಾಳದ ಅಕ್ಕಾರು ಹೊರಗೆ ಬಂದು, ನೇರಳೆಯ ಬುಡದ ಕಟ್ಟೆಯ ಮೇಲೆ ಒಂದು ತಂಬಿಗೆ ಇಟ್ಟು, ಗಾಳಿಗೆ ಹೇಳುವಂತೆ ಹೇಳಿದರು: “ಮಜ್ಜಿಗಿ ಬಿಸಲಿಗೆ ಹುಳಿ ಆಗ್ತೈತಿ ಅಂತ ಇಲ್ಲೆ ಇಟ್ಟೇನ್ರಿ. ಮಾಸ್ತರ್ರು ಬಿಸಲಾಗ ತಾವೂ ಹುಳಿ ಆದ ಮ್ಯಾಲ ಬಂದು ಕುಡೀಲಿ.”

ಅಳತೆ

ಹೋದ ವರ್ಷ ಓಣಿಗೆ ಗಟಾರ ಮಂಜೂರಾಯಿತು. ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿದ್ದುದರಿಂದ ಅರ್ಜಿ ಕೊಟ್ಟು ಕೇಳಿದವರು ನಾವೇ. ಇಂಜಿನಿಯರ್ ಸಾಹೇಬರು ಬಂದು ದಾರ ಹಿಡಿದರು. ದಾರ ನೆಟ್ಟಗೆ ಬಂದು ನೇರಳೆಯ ಹೊಟ್ಟೆಗೆ ತಾಗಿತು. ಮರ ಹೋಗಬೇಕು.

ಓಣಿಯೆಲ್ಲ ಸೇರಿತು. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ಭಾಯಿ, ಕಾಕಾರ ಹಳೆಯ ಜೊತೆಗಾರ, ಅವರ ಭುಜದ ಮೇಲೆ ಕೈಯಿಟ್ಟು ನಿಂತಿದ್ದರು. ಸಾಹೇಬರು ಬುಡಕ್ಕೆ ಟೇಪು ಸುತ್ತಿ, ತಮ್ಮಷ್ಟಕ್ಕೇ, “ಕಟ್ಟಿಗೆ ಒಂದು ಟನ್ ಇರಬಹುದು” ಎಂದು ಬರೆದುಕೊಳ್ಳಲು ಹೋದರು.

“ಒಂದು?” ಕಾಕಾರ ಕುತ್ತಿಗೆ ನೆಟ್ಟಗಾಯಿತು. ಮಿಲ್ಲಿಗೆ ಸೇರಿದ ಹೊಸತರಲ್ಲಿ ಎಂಟು ವರ್ಷ ಕಟ್ಟಿಗೆ ಯಾರ್ಡಿನಲ್ಲಿ ಕಣ್ಣಳತೆಯಲ್ಲೇ ಲಾರಿ ತೂಗಿದವರು ಅವರು. ಟೇಪು ಕಸಿದುಕೊಂಡರು, ಸುತ್ತಳತೆ ಹಿಡಿದರು, ಕತ್ತೆತ್ತಿ ಕೊಂಬೆ ಎಣಿಸಿದರು. “ಬರಕೋರಿ ಸಾಹೇಬ್ರ. ಎರಡು ಟನ್. ಒಂದು ಕಿಲೋ ಕಮ್ಮಿ ಬಂದರ ನನ್ನ ಕೇಳ್ರಿ.”

ಸಾಹೇಬರು ಬರೆದುಕೊಂಡು ಹೋದರು.

ಭಾಯಿ ಹಣೆ ಹಣೆ ಬಡಿದುಕೊಂಡರು. “ಯಾ ಅಲ್ಲಾ! ಕಾಕಾ, ನೀವು ಗಿಡಾ ಉಳಸಾಕ ಬಂದಿದ್ರೋ, ಹರಾಜ್ ಹಾಕಾಕ ಬಂದಿದ್ರೋ?”

ಕಾಕಾ ನೆಲ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದರು: “ತೊಗಟಿ ಬಿಟ್ಟು ಹೇಳೇನೋ.”

ಅರ್ಜಿ

ಸಾಹೇಬರು ಒಳ್ಳೆಯವರು. ಮರುದಿನ ನಾವು ಕಚೇರಿಗೆ ಹೋದಾಗ ದಾರಿಯೊಂದನ್ನು ಹೇಳಿದರು. ಗಟಾರವನ್ನು ಮರದ ಹತ್ತಿರ ಬಳಸಿ ಒಯ್ಯಬಹುದು. ಕಾಕಾರ ಕಡೆ ಮನೆಯ ಗೋಡೆಯೇ ಇರುವುದರಿಂದ ಮಾಸ್ತರರ ಕಡೆಯೇ ತಿರುಗಬೇಕು. ಅವರು ಕಂಪೌಂಡಿನಲ್ಲಿ ಒಂದೂವರೆ ಅಡಿ ಬಿಟ್ಟುಕೊಡಬೇಕು. ಓಣಿಯವರೆಲ್ಲರ ಸಹಿ, ಕೊನೆಯಲ್ಲಿ ಮಾಸ್ತರರ ಸಹಿ. ಒಂದು ವಾರದೊಳಗೆ.

ನಾನು ಅರ್ಜಿ ಬರೆದೆ. ನಾಲ್ಕೇ ಸಾಲು. ಝೆರಾಕ್ಸ್ ಅಂಗಡಿಯ ಹಾಳೆ. ಸಹಿಗೆಂದು ಬೆಳಿಗ್ಗೆ ಮನೆಮನೆಗೆ ಕಳಿಸಿದೆ. ಸಂಜೆ ಕೈಗೆ ಬಂದಾಗ ಅದು ಯುದ್ಧದಿಂದ ಮರಳಿದಂತಿತ್ತು.

ಒಂದು ಮೂಲೆ ಹರಿದಿತ್ತು. ಭಾಯಿ ನಾರು ಯಾವ ಕಡೆ ಓಡಿದೆ ಎಂದು ಹರಿದು ನೋಡಿದ್ದರು. ಸೂರ್ಯನಿಗೆ ಹಿಡಿದು, “ಹಾಳ್ಯಾಗ ಮೋಡ ಭಾಳ ಅದಾವು” ಎಂದೂ, ಅಂದರೆ ನಾರು ಅಲ್ಲಲ್ಲಿ ಗಂಟುಗಟ್ಟಿದೆ ಎಂದೂ, ಹೇಳಿದರಂತೆ. ಅಕ್ಕಾರ ಯಜಮಾನರು ಮಿಲ್ಲಿನ ಲ್ಯಾಬಿನಲ್ಲಿದ್ದವರು. ಅವರು ತೀರಿಕೊಂಡರೂ ವಿದ್ಯೆ ಮನೆಯಲ್ಲೇ ಉಳಿದಿದೆ. ಅಕ್ಕಾರು ಅಂಚಿನಲ್ಲಿ ಶಾಯಿ ಪೆನ್ನಿನಿಂದ ನಾಲ್ಕು ಗೆರೆ ಎಳೆದು ಶಾಯಿ ಹರಡುತ್ತದೆಯೇ ಎಂದು ಪರೀಕ್ಷಿಸಿದ್ದರು. ಹರಡಿತ್ತು. ಇನ್ಯಾರೋ ಬೆರಳು ಒದ್ದೆ ಮಾಡಿ ಉಜ್ಜಿದ್ದರು. ನಾನು ಬರೆದದ್ದನ್ನು ಒಬ್ಬರೂ ಓದಿದಂತೆ ಕಾಣಲಿಲ್ಲ.

ಎಲ್ಲಕ್ಕಿಂತ ಮೇಲೆ, ಸಹಿಯ ಜಾಗದಲ್ಲಿ, ಕಾಕಾರ ದುಂಡು ಅಕ್ಷರ. ಕೊನೆಯ ಇಪ್ಪತ್ತು ವರ್ಷ ಮಷೀನಿನ ಬಾಯಲ್ಲಿ ನಿಂತು ಹಾಳೆ ಪಾಸು ಮಾಡಿದ ಕೈ ಅದು. ತಾನೇ ಓಡಿಬಿಟ್ಟಿತ್ತು: ‘ರಿಜೆಕ್ಟ್.’ ಅದರ ಕೆಳಗೆ ಪೂರ್ತಿ ಸಹಿ.

ಆ ಅರ್ಜಿ ನನಗಿಂತ ಮೊದಲು ಮಾಸ್ತರರ ಮನೆಗೂ ಹೋಗಿ ಬಂದಿತ್ತು. ಗೋಡೆಯಾಚೆಯಿಂದ ಅವರ ದನಿ ಕೇಳಿಸಿತು: “ನೆಟ್ಟವರೇ ತಿರಸ್ಕರಿಸಿದ ಮೇಲೆ ನಾನ್ಯಾಕೆ ಮಾರಾಯ್ರೇ ನಡುವೆ ಬರಲಿ?”

ಆ ಸಂಜೆ ಓಣಿಯಲ್ಲಿ ಯಾರೂ ನಗಲಿಲ್ಲ. ಕಾಕಾ ಒಳಗೆ ಹೋಗಿ, ಟ್ರಂಕು ತೆಗೆದು, ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಹಾಳೆ ತಂದು ನನ್ನ ಮುಂದಿಟ್ಟರು.

“ನೌಕರಿಯ ಕಡೀ ದಿವಸ ನನ್ನ ಮಷೀನಿನ್ಯಾಗ ಬಂದಿದ್ದು. ಇದರ ಮ್ಯಾಲ ಬರಿ, ತಮ್ಮಾ. ಚಿತ್ತು ಮಾಡಬ್ಯಾಡ.”

ಮನೆಯವರಿಗೂ ಮುಟ್ಟಲು ಕೊಡದ ಹಾಳೆಯದು. ನಾನು ಕೈ ತೊಳೆದು ಬಂದು ಬರೆದೆ. ಈ ಸಲ ಯಾರೂ ಹರಿದು ನೋಡಲಿಲ್ಲ, ಬೆಳಕಿಗೆ ಹಿಡಿಯಲಿಲ್ಲ. ಭಾಯಿ ಉಸಿರು ಬಿಗಿಹಿಡಿದು ಸಹಿ ಹಾಕಿದರು. ಅಕ್ಕಾರು ಕೈಯಿಟ್ಟಲ್ಲಿ ಬೆವರು ತಾಗಬಾರದೆಂದು ಸೆರಗು ಹಾಸಿಕೊಂಡರು.

ಮಾಸ್ತರರ ಮನೆಗೆ ನಾನೇ ಒಯ್ದೆ. ಅವರು ಹಾಳೆಯ ಮೇಲೆ ಹೆಬ್ಬೆರಳು ಆಡಿಸಿದರು. “ಜೀವಮಾನವೆಲ್ಲ ಉತ್ತರಪತ್ರಿಕೆ ತಿದ್ದಿದವ ನಾನು. ಇಂಥ ಹಾಳೆ ಒಂದು ದಿನವೂ ಕೈಗೆ ಬಂದಿರಲಿಲ್ಲ” ಎಂದರು. ಸಹಿ ಹಾಕಿದರು. ಬಾಗಿಲವರೆಗೆ ಬಂದು ಪಿಸುಗುಟ್ಟಿದರು: “ಹಾಳೆ ನೋಡಿ ಜಾಗ ಕೊಟ್ಟೆ ಅಂತ ಆ ಮನುಷ್ಯನಿಗೆ ಹೇಳಬೇಡಿ, ಹೆಗಲ ಮೇಲೆ ಕೂರ್ತಾನೆ. ಬಿಸಿಲಲ್ಲಿ ಕೂತು ತಲೆನೋವು ಬಂತು, ಅದಕ್ಕೆ ಕೊಟ್ಟೆ ಅಂತ ಹೇಳಿ.”

ಕಚೇರಿಯಲ್ಲಿ ಸಾಹೇಬರು ಅರ್ಜಿ ಓದಿ, ಫೈಲಿಗೆ ಸೇರಿಸಲು ತೂತು ಹೊಡೆಯುವ ಯಂತ್ರ ಎತ್ತಿಕೊಂಡರು. ಕಾಕಾ ಅವರ ಕೈ ಹಿಡಿದರು. ಇವತ್ತಿಗೂ ಆ ಫೈಲಿನಲ್ಲಿ ಅದೊಂದೇ ಹಾಳೆ ತೂತಿಲ್ಲದೆ, ಪ್ಲಾಸ್ಟಿಕ್ ಚೀಲದಲ್ಲಿ ಕೂತಿದೆಯಂತೆ.

ಗಟಾರ ಈಗ ನೇರಳೆಯ ಹತ್ತಿರ ಬಂದು, ಹಿರಿಯರನ್ನು ಕಂಡವರಂತೆ ಸರಿದು, ಮುಂದೆ ಹೋಗುತ್ತದೆ.

ಒಂದು ಮಳೆಗಾಲ ಕಳೆಯಿತು. ಮೊನ್ನೆ ಬೆಳಿಗ್ಗೆ ಮಾಸ್ತರರ ಮನೆಗೆ ನೆಂಟರು ಬಂದಿದ್ದರು. ಕಡಲಿಗೆ ಹೊರಟಿದ್ದವರನ್ನು ಮಾಸ್ತರರು ನೇರಳೆಯ ಕೆಳಗೇ ತಡೆದು ನಿಲ್ಲಿಸಿ ಹೇಳುತ್ತಿದ್ದರು. “ಇದು ನಮ್ಮ ಮರ. ನಮ್ಮದೇ ಜಾಗ ಬಿಟ್ಟು ಉಳಿಸಿಕೊಂಡದ್ದು. ಎರಡು ಟನ್, ತೊಗಟೆ ಬಿಟ್ಟು.”

ಗೋಡೆಯಾಚೆಯಿಂದ ಒಂದು ಬುಟ್ಟಿ ಎಲೆ ಹಾರಿಬಂದು ಅವರ ಬಿಳಿ ಅಂಗಿಯ ಮೇಲೆ ಸುರಿಯಿತು.

“ಹಂಗಾರ ನಿಮ್ಮ ಎಲಿ ನೀವು ತಗೋರಿ, ಮಾಸ್ತರ್ರ!” ಅದು ಕಾಕಾರ ದನಿ. ಒಂದು ಗಳಿಗೆ ಬಿಟ್ಟು ತಲೆಯೂ ಮೇಲೆ ಬಂತು. “ಮತ್ತ ಎರಡು ಟನ್ ಹೋದ ವರ್ಷದ್ದು. ಈಗ ಒಂದು ಮಳಿಗಾಲ ಕುಡದೈತಿ. ಎರಡೂಕಾಲು ಅನ್ರಿ!”